ಯಾವ ಪೌಡರ್ ಅಂತ ಕೇಳ್ಬೇಡಿ

11 ಕೇಜಿ ಇಳಿದ ಮೇಲೆ "ಚೆನ್ನಾಗಿದ್ದೀಯಾ?" ಅಂತ ನನ್ನನ್ನು ಯಾರೂ ಕೇಳುವುದಿಲ್ಲ. "ಯಾವ ಪೌಡರ್?" ಅಂತಲೇ ಶುರು. ಅದರ ಹಿಂದೆಯೇ, "ಪ್ರೋಟೀನ್ ತಿಂದ್ರೆ ಸಣ್ಣ ಆಗ್ತಾರಂತೆ, ಹೌದಾ?"

ಇಲ್ಲ. ಊಟ ಹಾಗೇ ಇಟ್ಟುಕೊಂಡು ಅದರ ಮೇಲೆ ಎರಡು ಚಮಚ ಪೌಡರ್ ಕಲಸಿ ಕುಡಿದರೆ ದಪ್ಪ ಆಗ್ತೀರಿ, ಅಷ್ಟೇ. ಪ್ರೋಟೀನಿಗೂ ಗ್ರಾಂಗೆ 4 ಕ್ಯಾಲೊರಿ ಇದೆ, ಸಕ್ಕರೆಗೆ ಇರುವಷ್ಟೇ.

ಮೊನ್ನೆ ಒಂದು ಗೃಹಪ್ರವೇಶದ ಪಂಕ್ತಿಯಲ್ಲಿ ಕೋಸಂಬರಿ ಎರಡನೇ ಸಲ ಹಾಕಿಸಿಕೊಂಡೆ. ಪಕ್ಕದಲ್ಲಿದ್ದ ದೊಡ್ಡಮ್ಮ ತಮ್ಮ ಕೋಸಂಬರಿಯನ್ನು ಎಲೆಯ ಮೂಲೆಗೆ ತಳ್ಳಿ, ಮೂರನೇ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ, "ಅದ್ಯಾವ ಕಂಪನೀದು ಹೇಳೇ, ನಮ್ಮ ಸೊಸೆಗೂ ತರಿಸ್ತೀನಿ" ಅಂದರು. ನಾನು ಎಲೆ ತೋರಿಸಿ, "ಹೆಸರುಬೇಳೆ ಕಂಪನೀದು ದೊಡ್ಡಮ್ಮ" ಅಂದೆ. ಅವರು ನಗಲಿಲ್ಲ. ಗುಟ್ಟು ಬಿಟ್ಟುಕೊಡದ ಹುಡುಗಿ ಅಂತ ಈಗ ನೆಂಟರಲ್ಲೆಲ್ಲಾ ಹೆಸರಾಗಿದ್ದೇನೆ.

ಗುಟ್ಟು ಏನೂ ಇಲ್ಲ. 100 ಕ್ಯಾಲೊರಿಯಷ್ಟು ಪ್ರೋಟೀನ್ ತಿಂದರೆ ಅದನ್ನು ಅರಗಿಸುವುದಕ್ಕೇ 20ರಿಂದ 30 ಖರ್ಚಾಗುತ್ತದೆ, ಅನ್ನ ಸಕ್ಕರೆಯದ್ದಾದರೆ 5ರಿಂದ 10. ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಬರೆಯುವ ಮೆಟಬಾಲಿಸಂ ಮಹಿಮೆ ಇದೇ. ದಿನದ ಲೆಕ್ಕದಲ್ಲಿ ಅದು ಅಬ್ಬಬ್ಬಾ ಅಂದರೆ ಎರಡು ಮಾರಿ ಬಿಸ್ಕತ್ತು. ನನಗೆ ಕೆಲಸಕ್ಕೆ ಬಂದದ್ದು ಬೇರೆ: ಹುರುಳಿಕಾಳಿನ ಬಸ್ಸಾರು, ಜೊತೆಗೆ ಕಾಳಿನ ಪಲ್ಯ ತಿಂದ ದಿನ ಸಂಜೆ ನಾಲ್ಕಕ್ಕೆ ಕೈ ಚಕ್ಕುಲಿ ಡಬ್ಬಕ್ಕೆ ಹೋಗುವುದಿಲ್ಲ. ಇನ್ನೊಂದು, ಬರೀ ಉಪವಾಸ ಮಾಡಿ ಇಳಿದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಅದು ಉಳಿಯಬೇಕಾದರೆ ಪ್ರೋಟೀನೂ ಬೇಕು, ಭಾರವನ್ನೂ ಎತ್ತಬೇಕು. ಭಾರ ಅಂದ ತಕ್ಷಣ ಕೇಳುವವರು ಮಾತು ಬದಲಾಯಿಸ್ತಾರೆ ನೋಡಿ!

ಮುದ್ದೆ ಬಿಟ್ಟಿಲ್ಲ. ಆದರೆ 100 ಗ್ರಾಂ ರಾಗಿಹಿಟ್ಟಿನಲ್ಲಿ ಇರುವುದು ಸುಮಾರು 7 ಗ್ರಾಂ ಪ್ರೋಟೀನ್, ಅದೊಂದನ್ನೇ ನಂಬಬೇಡಿ. ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳಿ, ನನ್ನನ್ನಲ್ಲ.

ಇಷ್ಟೆಲ್ಲಾ ಕೇಳುವವರು, ನಿಮ್ಮಮ್ಮ ಏನು ತಿಂತಾರೆ ಅಂತ ಒಂದು ಸಲ ಕೇಳಬಾರದಾ? ಅಮ್ಮನಿಗೆ 68 ವರ್ಷ, 55 ಕೇಜಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಲೆಕ್ಕದಂತೆ ಕೇಜಿಗೆ 0.83 ಗ್ರಾಂ, ಅಂದರೆ ದಿನಕ್ಕೆ ಸುಮಾರು 46 ಗ್ರಾಂ ಬೇಕು. ಒಂದು ಭಾನುವಾರ ಕೂತು ಅಂದಾಜು ಹಾಕಿದೆ. ಎರಡು ಇಡ್ಲಿ, ಅನ್ನ, ತಿಳಿಸಾರು, ಎರಡು ಕಾಫಿ, ರಾತ್ರಿ ಒಂದಿಷ್ಟು ಮೊಸರನ್ನ. 30 ಕೂಡ ದಾಟಲಿಲ್ಲ. ಯಾಕೆ ಅಂದರೆ ಅವಳು ಊಟಕ್ಕೆ ಕೂರುವುದೇ ಕೊನೆಗೆ, ಅಷ್ಟು ಹೊತ್ತಿಗೆ ಪಾತ್ರೆ ತಳದ ಬೇಳೆಯನ್ನೆಲ್ಲಾ ಸೌಟಲ್ಲಿ ಕೆದಕಿ ನಮಗೇ ಬಡಿಸಿರುತ್ತಾಳೆ, ಕೇಳಿದರೆ "ನಂಗೆ ಕಾಳು ಗ್ಯಾಸು" ಅಂತಾಳೆ. ಹೋದ ವರ್ಷದಿಂದ ರಂಗೋಲಿ ಹಾಕಿ ಏಳುವಾಗ ಗೋಡೆ ಹಿಡಿಯುತ್ತಾಳೆ. ಅವಳಿಗೆ ಯಾವ ಪೌಡರ್ ಅಂತ ಯಾರೂ ವಿಚಾರಿಸಿಲ್ಲ.

ಈಗ ನಾನೇ ಬಡಿಸುತ್ತೇನೆ, ಗಟ್ಟಿ ಬೇಳೆ ಮೊದಲು ಅವಳ ತಟ್ಟೆಗೆ. ನಾನು ನೀರು ತರಲು ಎದ್ದು ಬರುವಷ್ಟರಲ್ಲಿ ಅದರಲ್ಲಿ ಅರ್ಧ ನನ್ನ ತಟ್ಟೆಗೆ ದಾಟಿರುತ್ತದೆ.

"ಎಷ್ಟು ಇಳಿದುಹೋಗಿದ್ದೀಯ, ತಿನ್ನು ಸುಮ್ನೆ."