ಹಾಜರಿ 61, ಚೀಟಿ 64

ನಮ್ಮ ರಾಜ್ಯಶಾಸ್ತ್ರದ ಮೇಷ್ಟ್ರು ತೀರಿಕೊಂಡ ಸುದ್ದಿ ತಲುಪಿದ ರಾತ್ರಿ ನನ್ನ ಕಣ್ಣ ಮುಂದೆ ಬಂದು ನಿಂತದ್ದು ವಿದ್ಯಾರ್ಥಿ ಸಂಘದ ಕೊಠಡಿಯಲ್ಲಿದ್ದ ಕೆಂಪು ರಟ್ಟಿನ ನಡಾವಳಿ ಪುಸ್ತಕ. ಸಂಘದ ಸಲಹೆಗಾರರಾಗಿದ್ದ ಅವರು ಪ್ರತಿ ಸಭೆಗೂ ಮುನ್ನ ಅದರ ಪುಟಗಳನ್ನು ತಿರುವಿ, ಹಿಂದಿನ ನಿರ್ಣಯಗಳಲ್ಲಿ ಜಾರಿಯಾಗದೆ ಉಳಿದವುಗಳ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದು, ಒಂದು ಮಾತನ್ನೂ ಆಡದೆ ಅಧ್ಯಕ್ಷರ ಕೈಗೆ ಕೊಡುತ್ತಿದ್ದರು. ಅವರು ಪಾಠ ಮಾಡಿದ ಪಠ್ಯಕ್ರಮ ಇಂದು ನನ್ನ ನೆನಪಿನಲ್ಲಿ ಉಳಿದಿಲ್ಲ. ಆ ಗೆರೆಗಳು ಉಳಿದಿವೆ.

ಪ್ರತಿಯೊಂದು ತರಗತಿಯೂ ಗುಪ್ತ ಮತದಾನದಿಂದ ಇಬ್ಬರು ಪ್ರತಿನಿಧಿಗಳನ್ನು ಆರಿಸುತ್ತಿತ್ತು. ಆ ಪ್ರತಿನಿಧಿಗಳು ಸೇರಿ ತಮ್ಮೊಳಗಿನಿಂದಲೇ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿಯರನ್ನು ಆರಿಸುತ್ತಿದ್ದರು. ಇಡೀ ಕಾಲೇಜು ನೇರವಾಗಿ ಅಧ್ಯಕ್ಷನನ್ನು ಆರಿಸುವ ಪದ್ಧತಿಯೂ ಅನೇಕ ಕಡೆ ಇದೆ. ಹಾಗೆ ಗೆದ್ದವನಿಗೆ ಎಲ್ಲರ ಬೆಂಬಲದ ಬಲವಿರುತ್ತದೆ ನಿಜ, ಆದರೆ ಅವನನ್ನು ತಡೆದು ಪ್ರಶ್ನಿಸುವುದು ಪ್ರತಿನಿಧಿಗಳಿಗೆ ಅಷ್ಟೇ ಕಷ್ಟವಾಗುತ್ತದೆ ಎಂಬುದು ಮೇಷ್ಟ್ರ ಅಭಿಪ್ರಾಯವಾಗಿತ್ತು, ನನ್ನದೂ ಅದೇ. ಮೂರನೆಯ ಒಂದು ಭಾಗ ಸದಸ್ಯರಿಲ್ಲದೆ ಸಭೆಗೆ ಕೋರಂ ಇಲ್ಲ, ಮತಗಳು ಸಮನಾದಾಗ ಮಾತ್ರ ಅಧ್ಯಕ್ಷನಿಗೆ ಮತ, ಖಜಾಂಚಿ ಮತ್ತು ಸಲಹೆಗಾರರ ಜಂಟಿ ಸಹಿಯಿಲ್ಲದೆ ಹಣ ಹೊರಹೋಗುವಂತಿಲ್ಲ. ಈ ನಿಯಮಗಳಲ್ಲಿ ಒಂದನ್ನಾದರೂ ಸಡಿಲಿಸಬೇಕೆಂದು ಪ್ರತಿ ವರ್ಷವೂ ಯಾರಾದರೂ ಕೇಳುತ್ತಿದ್ದರು, ಮೇಷ್ಟ್ರು ಒಪ್ಪುತ್ತಿರಲಿಲ್ಲ.

ಎರಡನೆಯ ವರ್ಷದ ತರಗತಿ ಚುನಾವಣೆಯಲ್ಲಿ ಗೆಳೆಯನೊಬ್ಬ ಗೆಲ್ಲಲೇಬೇಕೆಂಬ ಹಟದಿಂದ ನಾನೂ ಇನ್ನಿಬ್ಬರೂ ತಲಾ ಒಂದೊಂದು ಹೆಚ್ಚುವರಿ ಚೀಟಿಯನ್ನು ಪೆಟ್ಟಿಗೆಗೆ ಹಾಕಿದೆವು. ಎಣಿಕೆಯ ಗದ್ದಲದಲ್ಲಿ ಅದು ಯಾರಿಗೂ ತಿಳಿಯದೆಂದು ನಂಬಿದ್ದೆವು. ಮೇಷ್ಟ್ರು ಚೀಟಿಗಳನ್ನು ಬಿಡಿಸುವ ಮೊದಲೇ ಮಡಿಸಿದಂತೆಯೇ ಎಣಿಸಿ, ಹಾಜರಿ ಪುಸ್ತಕದೊಂದಿಗೆ ತಾಳೆ ನೋಡಿದರು. ತರಗತಿಯಲ್ಲಿದ್ದವರು 61, ಚೀಟಿಗಳು 64. ಯಾರು ಮಾಡಿದ್ದೆಂದು ಅವರು ಕೇಳಲಿಲ್ಲ. ಚೀಟಿಗಳನ್ನು ಬಿಡಿಸದೆ ಲಕೋಟೆಗೆ ಹಾಕಿ ಅಂಟಿಸಿ, ಚುನಾವಣೆ ರದ್ದಾಗಿದೆಯೆಂದು ನಡಾವಳಿಯಲ್ಲಿ ಬರೆದು ಹೊರಟುಹೋದರು.

ಮರುದಿನ ಪಾಠ ನಡೆಯಲಿಲ್ಲ. 19ನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಶಾಲಾಮಾಸ್ತರ ಥಾಮಸ್ ರೈಟ್ ಹಿಲ್ ಅವರ ಶಿಷ್ಯರು ತಮಗಿಷ್ಟವಾದ ಹುಡುಗನ ಪಕ್ಕದಲ್ಲಿ ಹೋಗಿ ನಿಂತು ಸಮಿತಿಯನ್ನು ಆರಿಸುತ್ತಿದ್ದರೆಂದು ಹೇಳಿ, ಮೇಷ್ಟ್ರು ನಮ್ಮನ್ನೂ ಹಾಗೆಯೇ ನಿಲ್ಲಿಸಿದರು. ಎರಡು ಸ್ಥಾನಗಳು, 61 ಜನ. 21 ಜನರ ಬೆಂಬಲ ಮೂವರಿಗೆ ಸಿಗಬೇಕಾದರೆ 63 ಜನ ಬೇಕು, ಆದ್ದರಿಂದ 21 ಮುಟ್ಟಿದವನು ಗೆದ್ದಂತೆ. ಒಬ್ಬನ ಪಕ್ಕದಲ್ಲಿ 29 ಜನ ನಿಂತಿದ್ದೆವು. ಹೆಚ್ಚಾದ ಎಂಟು ಜನರಿಗೆ, ತಮ್ಮ ಎರಡನೆಯ ಆಯ್ಕೆಯ ಕಡೆಗೆ ನಡೆಯಿರಿ ಎಂದರು. ಬೆಂಚುಗಳ ನಡುವೆ ನಡೆದುಹೋದ ಆ ಎಂಟು ಜನರಲ್ಲಿ ನಾನೂ ಒಬ್ಬ. ಇದೇ ತತ್ತ್ವ 1840ರಲ್ಲಿ ಅಡಿಲೇಡ್ ನಗರದ ಚುನಾವಣೆಯಲ್ಲಿ ಬಳಕೆಯಾಯಿತೆಂದು ಹೇಳಿದ ಮೇಷ್ಟ್ರು, ಕೊನೆಗೆ ಈ ಫಲಿತಾಂಶವನ್ನೂ ಲೆಕ್ಕಕ್ಕೆ ಹಿಡಿಯಲಿಲ್ಲ. “ಹೀಗೆ ನಿಂತರೆ ಎಣಿಸುವುದು ಸುಲಭ, ಆದರೆ ಹೆದರುವವನು ತನಗೆ ಬೇಕಾದ ಕಡೆ ನಿಲ್ಲಲಾರ” ಎಂದು ಹೇಳಿ, ತಮ್ಮ ಸಹಿಯಿದ್ದ 61 ಚೀಟಿಗಳನ್ನು ಹಂಚಿ, ಮತ್ತೆ ಗುಪ್ತ ಮತದಾನ ನಡೆಸಿದರು. ನಮ್ಮ ಗೆಳೆಯ ಸೋತ.

ಮೂರು ದಿನ ನಿದ್ದೆಗೆಟ್ಟು, ನಾಲ್ಕನೆಯ ದಿನ ಅಧ್ಯಾಪಕರ ಕೊಠಡಿಗೆ ಹೋಗಿ ತಪ್ಪೊಪ್ಪಿಕೊಂಡೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, “ಮುಂದಿನ ವರ್ಷ ಖಜಾಂಚಿ ಸ್ಥಾನಕ್ಕೆ ನಿಲ್ಲಪ್ಪ, ಲೆಕ್ಕ ಇಡುವವನ ಕಷ್ಟ ತಿಳಿಯಲಿ” ಎಂದರು. ನಿಂತೆ, ಗೆದ್ದೆ. ನನ್ನ ವರ್ಷದ ಓಚರುಗಳಲ್ಲಿ ಒಂದರ ಮೇಲೂ ಆಕ್ಷೇಪ ಬರಲಿಲ್ಲ ಎಂಬುದನ್ನು ಹೆಮ್ಮೆಯಿಂದಲೇ ಬರೆಯುತ್ತೇನೆ. ಮುಂದೆ ದೊಡ್ಡ ಜವಾಬ್ದಾರಿಗಳು ಬಂದಾಗಲೂ ಲೆಕ್ಕ ಒಪ್ಪಿಸಲು ನಾನು ಎಂದೂ ಹಿಂಜರಿಯಲಿಲ್ಲ.

ಕಳೆದ ತಿಂಗಳ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ, ಈಗಿನ ವಿದ್ಯಾರ್ಥಿ ಪರಿಷತ್ತನ್ನು ಅಂಕಗಳ ಆಧಾರದ ಮೇಲೆ ನೇಮಿಸಲಾಗುತ್ತದೆಯೆಂದು ತಿಳಿದು ಮನಸ್ಸಿಗೆ ನೋವಾಯಿತು. ಸಮಾರಂಭಗಳಲ್ಲಿ ಸ್ವಾಗತ ಭಾಷಣ ಮಾಡುವುದೇ ಅದರ ಕೆಲಸವಂತೆ. ಅದರ ಕೈಯಲ್ಲಿ ಹಣವಿಲ್ಲ, ನಡಾವಳಿಯಿಲ್ಲ. ಹೆಚ್ಚು ಅಂಕ ಪಡೆದ ಮಕ್ಕಳು ಸಮರ್ಥರೇ ಇರಬಹುದು, ಆದರೆ ಸಹಪಾಠಿಗಳು ಆರಿಸದವರಿಗೆ ಸಹಪಾಠಿಗಳಿಗೆ ಉತ್ತರ ಹೇಳಬೇಕಾದ ಹಂಗಿರುವುದಿಲ್ಲ. ಮಧ್ಯಯುಗದಲ್ಲಿ ಇಟಲಿಯ ಬೊಲೊನ್ಯ ವಿಶ್ವವಿದ್ಯಾಲಯದ ಮುಖ್ಯಸ್ಥರಾದ ರೆಕ್ಟರರನ್ನು ವಿದ್ಯಾರ್ಥಿಗಳೇ ಆರಿಸುತ್ತಿದ್ದರು, ತಡವಾಗಿ ಬಂದ ಅಧ್ಯಾಪಕರು ದಂಡ ತೆರಬೇಕಾಗಿತ್ತು. ಎಡಿನ್‌ಬರೊ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ತಮ್ಮ ಪ್ರಾತಿನಿಧಿಕ ಪರಿಷತ್ತನ್ನು ಕಟ್ಟಿದ್ದು 1884ರಲ್ಲಿ. ಇದನ್ನೆಲ್ಲ ನಮಗೆ ಹೇಳಿದವರು ಮೇಷ್ಟ್ರೇ, ಬೊಲೊನ್ಯದ ದಂಡದ ಮಾತು ಬಂದಾಗಲೆಲ್ಲ ಅವರು ತಮ್ಮ ಗಡಿಯಾರವನ್ನು ನೋಡಿಕೊಳ್ಳುತ್ತಿದ್ದರು. ಅಷ್ಟು ಹಿಂದಿನಿಂದ ನಡೆದುಬಂದ ಹಕ್ಕನ್ನು ಅಂಕಪಟ್ಟಿಗೆ ಒಪ್ಪಿಸಿಬಿಡುವುದು ನನಗೆ ಸರಿಕಾಣುವುದಿಲ್ಲ.

ಅಂದು ಗ್ರಂಥಾಲಯದವರನ್ನು ಕೇಳಿ ಆ ಕೆಂಪು ಪುಸ್ತಕವನ್ನು ತರಿಸಿಕೊಂಡೆ. ಪುಟ ಸಿಕ್ಕಿತು: ಹಾಜರಿ 61, ಚೀಟಿ 64, ಚುನಾವಣೆ ರದ್ದು, ಕೆಳಗೆ ಮರುಚುನಾವಣೆಯ ದಿನಾಂಕ, ಗೆದ್ದ ಇಬ್ಬರ ಹೆಸರು, ಮೇಷ್ಟ್ರ ಸಹಿ. ನಮ್ಮ ಮೂವರ ಹೆಸರುಗಳಿಗಾಗಿ ಅಂಚಿನಲ್ಲಿಯೂ ಹಿಂದಿನ ಮುಂದಿನ ಪುಟಗಳಲ್ಲಿಯೂ ಹುಡುಕಿದೆ. ಅವರು ಎಲ್ಲಿಯೂ ಬರೆದಿರಲಿಲ್ಲ.