ಹಣೆ ಅಂಚಿನ ಮರಿಗೂದಲು, ನನ್ನ ಕೈಯಲ್ಲಿದ್ದ ರೇಜರ್

ಹುಬ್ಬಳ್ಳಿಯಲ್ಲಿ ಮದುಮಕ್ಕಳಿಗೆ ತಲೆ ಕಟ್ಟುವ ಕೆಲಸಕ್ಕೆ ಇಳಿದು 11 ವರ್ಷ ಆಯಿತು. ತುರುಬು, ಮೊಗ್ಗಿನ ಜಡೆ ಬೇಗ ಕೈಗೆ ಕೂತವು. ಕಾಡಿಸಿದ್ದು ಹಣೆ ಅಂಚಿನ ಮರಿಗೂದಲು. ಪಾರ್ಲರ್‌ಗೆ ಬರುವ ಹುಡುಗಿಯರು ಅದನ್ನು ಬೇಬಿ ಹೇರ್ ಅನ್ನುತ್ತಾರೆ. ನನ್ನ ಅಜ್ಜಿ ಮುಂಗುರುಳು ಅನ್ನುತ್ತಿದ್ದಳು.

ಕೆಲಸದ ಎರಡನೇ ವರ್ಷ, ಕೇಶ್ವಾಪುರದ ಒಂದು ಮದುವೆ. ಮದುಮಗಳ ಹಣೆ ತುಂಬ ಸಣ್ಣ ಕೂದಲು. ಬಾಸಿಂಗ ಕಟ್ಟಿದ ಮೇಲೆ ಅವು ಎದ್ದು ನಿಂತರೆ ಫೋಟೋ ಕೆಡುತ್ತದೆ ಅಂತ ನನಗೆ ಚಿಂತೆ. "ಸ್ವಲ್ಪ ಕ್ಲೀನ್ ಮಾಡ್ತೀನಿ ತಂಗಿ" ಅಂದೆ. ಅವಳು ಹೂಂ ಅಂದಳು. ಏನು ಮಾಡುತ್ತೇನೆ ಅಂತ ನಾನು ಹೇಳಲಿಲ್ಲ. ಹುಬ್ಬಿನ ರೇಜರ್ ತೆಗೆದು ಅಂಚನ್ನು ಸಪಾಟು ಮಾಡಿಬಿಟ್ಟೆ.

ಫೋಟೋ ಚೆನ್ನಾಗಿಯೇ ಬಂದವು. ಮೂರು ವಾರ ಬಿಟ್ಟು ತಾಯಿ ಮಗಳು ಇಬ್ಬರೂ ಬಂದರು. ತಲೆಗೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಅಂದರೆ ಆಗಲೇ ಅರ್ಧ ಸೆಂಟಿಮೀಟರ್ ದಾಟಿತ್ತು. ಜೋಳ ಕೊಯ್ದ ಹೊಲದ ಕೂಳೆ ಹಾಗೆ ಹಣೆ ಉದ್ದಕ್ಕೂ ನೆಟ್ಟಗೆ ನಿಂತಿತ್ತು. "ಲಗ್ನದ ದಿನಾ ತಲೀಗೆ ಬ್ಲೇಡ್ ಹಚ್ಚೀರೇನ್ರೀ?" ಅಂದರು ತಾಯಿ. ಅವರಿಗೆ ಕೂಳೆಗಿಂತ ಲಗ್ನದ ದಿನ ತಲೆಗೆ ಬ್ಲೇಡ್ ತಾಗಿದ್ದೇ ಜಾಸ್ತಿ ಚುಚ್ಚಿತ್ತು. ಮದುವೆ ಮನೆಯಲ್ಲಿ ಅದು ಎಂಥ ಅಪಶಕುನ ಅಂತ ನನಗೂ ಗೊತ್ತಿರಬೇಕಿತ್ತು, ಅಲ್ವಾ? ದುಡ್ಡು ವಾಪಸ್ ಕೊಡಲು ಹೋದೆ. ಅವರು ಮುಟ್ಟಲಿಲ್ಲ.

ಬೋಳಿಸಿದರೆ ಕೂದಲು ದಪ್ಪ ಆಗುತ್ತದೆ ಅನ್ನುವುದು ಸುಳ್ಳು. ಬೇರು ಅದೇ, ಕೂದಲೂ ಅದೇ. ಮರಿಗೂದಲಿನ ತುದಿ ಸೂಜಿ ಹಾಗೆ ಸಣ್ಣಗಾಗುತ್ತಾ ಹೋಗಿರುತ್ತದೆ. ರೇಜರ್ ಆ ತುದಿಯನ್ನೇ ತೆಗೆಯುತ್ತದೆ. ಉಳಿದ ಮೊಂಡು ತುದಿ ಚುಚ್ಚುತ್ತದೆ.

ಅಂದಿನಿಂದ ಯಾರೇ ಬಂದರೂ ನಾನು ಮೊದಲು ಮಾಡುವ ಕೆಲಸ, ಬೆಳಕಿಗೆ ಹಿಡಿದು ತುದಿ ನೋಡುವುದು. ತುದಿ ಮೊಂಡಾಗಿ ಒಂದೊಂದು ಒಂದೊಂದು ಉದ್ದ ಇದ್ದರೆ ಅದು ಮರಿಗೂದಲಲ್ಲ, ಮುರಿದ ಕೂದಲು. ಧಾರವಾಡದ ಹಾಸ್ಟೆಲ್‌ನ ಒಬ್ಬ ಹುಡುಗಿ "ಅಕ್ಕಾ, ನಂಗ ಬೇಬಿ ಹೇರ್ ಭಾಳ" ಅಂತ ಖುಷಿಯಿಂದ ಕೂತಳು. ದಿನಾ ಬೆಳಿಗ್ಗೆ ಹಣೆ ಚರ್ಮ ಎಳೆಯುವಷ್ಟು ಬಿಗಿಯಾಗಿ ಜುಟ್ಟು. ಕಿವಿ ಮುಂದೆ ಎರಡೂ ಕಡೆ ಕೂದಲು ತೆಳ್ಳಗಾಗಿತ್ತು, ಬುಡದಲ್ಲಿ ಸಣ್ಣ ಗುಳ್ಳೆ. ಅವತ್ತು ಜೆಲ್ ಮುಟ್ಟಲೇ ಇಲ್ಲ. ಜುಟ್ಟು ಸಡಿಲ ಮಾಡು, ಚರ್ಮದ ಡಾಕ್ಟರಿಗೆ ತೋರಿಸು ಅಂದೆ. ಎಳೆತ ವರ್ಷಗಟ್ಟಲೆ ನಡೆದರೆ ಕೂದಲಿನ ಬೇರೇ ಸತ್ತುಹೋಗಿ ಕೂದಲು ಮತ್ತೆ ಬರುವುದಿಲ್ಲ.

ಬಾಣಂತಿಯರದು ಬೇರೆ ಕಥೆ. ಹೆರಿಗೆಯಾಗಿ ಎರಡರಿಂದ ನಾಲ್ಕು ತಿಂಗಳಿಗೆ ಕೂದಲು ಹಿಡಿ ಹಿಡಿ ಉದುರುತ್ತದೆ. ಆಮೇಲೆ ಹಣೆ ಅಂಚಿಗೆ ಹೊಸದು ಚಿಗುರುತ್ತದೆ. ಅದನ್ನು ಕಂಡು ಗಾಬರಿಯಾಗಿ ಬರುವವರೇ ಹೆಚ್ಚು. ನೋಡಿದರೆ ಅದು ಒಳ್ಳೆ ಸುದ್ದಿ!

ಈ ಕೂದಲನ್ನು ಹಣೆಗೆ ಅಂಟಿಸಿ ಸುರುಳಿ ಬಿಡಿಸುವುದು ರೀಲ್ಸ್ ಕಾಲದ ಚಟವಲ್ಲ. 1920ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ಕುಣಿಯುತ್ತಿದ್ದ ಅಮೆರಿಕ ಮೂಲದ ಕಪ್ಪು ಕಲಾವಿದೆ ಜೋಸೆಫಿನ್ ಬೇಕರ್ ಹಣೆ ಮೇಲೆ ಅಂಥ ಸುರುಳಿ ಇಡುತ್ತಿದ್ದಳು. ಬೇಕರ್‌ಫಿಕ್ಸ್ ಅಂತ ಅವಳ ಹೆಸರಿನ ಪೊಮೇಡ್, ಅಂದರೆ ಕೂದಲು ಕೂರಿಸುವ ಮುಲಾಮೇ ಮಾರಾಟಕ್ಕಿತ್ತು. ಕಪ್ಪು ಹೆಂಗಸರ ಗುಂಗುರು ಕೂದಲಿಗೆ ಹುಟ್ಟಿದ ಕಲೆ ಅದು. ನಮ್ಮ ಕಡೆಯ ನೇರ ಕೂದಲಿಗೆ ಹಾಗೇ ಮಾಡಲು ಹೋದರೆ ಅರ್ಧ ತಾಸಿಗೆ ಜಾರುತ್ತದೆ. ಸುಮ್ನೆ ಜೆಲ್ ದಂಡ.

ಹಾಗಾಗಿ ನಾನು ಸುರುಳಿ ಬಿಟ್ಟು ಒಂದು ಸಣ್ಣ ಬಾಗು ಕೊಡುತ್ತೇನೆ, ಅಷ್ಟೇ. ಹಿಂದಿನ ದಿನ ತಲೆಗೆ ಸ್ನಾನ ಆಗಿರಬೇಕು, ಎಣ್ಣೆ ಇರಬಾರದು. ಅರಿಶಿನದ ಎಣ್ಣೆ ಹಾಗೇ ಇದ್ದ ಹಣೆ ಮೇಲೆ ಜೆಲ್ ಹಿಡಿಯುವುದಿಲ್ಲ, ಒಣಗಿ ಬಿಳಿ ಹೊಟ್ಟು ಎದ್ದು ಬಾಸಿಂಗದ ದಾರಕ್ಕೆಲ್ಲ ಅಂಟುತ್ತದೆ. ಎರಡು ಜೋಳದ ಕಾಳಿನಷ್ಟು ಜೆಲ್ ಸಾಕು. ಚಿಕ್ಕ ಮಕ್ಕಳ ಮೆತ್ತನೆ ಟೂತ್‌ಬ್ರಷ್ ಒದ್ದೆ ಮಾಡಿ, ಕೂದಲು ಹೇಗೆ ಹುಟ್ಟಿದೆಯೋ ಆ ದಿಕ್ಕಿಗೇ ತೀಡಬೇಕು. ಮೇಲೆ ಹಳೇ ರೇಷ್ಮೆ ಸೀರೆಯ ಪಟ್ಟಿ ಕಟ್ಟಿ ಹತ್ತು ನಿಮಿಷ ಬಿಟ್ಟರೆ ಕೂರುತ್ತದೆ. ರಾತ್ರಿ ಒಣ ಬಾಚಣಿಗೆ ಹಾಕಬಾರದು. ಉಗುರು ಬೆಚ್ಚಗಿನ ನೀರಲ್ಲಿ ಜೆಲ್ ಕರಗಿಸಿ ತೊಳೆಯಬೇಕು. ಬೋರ್ ನೀರಾದರೆ ಎರಡು ಸಲ.

ನಾಲ್ಕು ವರ್ಷ ಬಿಟ್ಟು ಕೇಶ್ವಾಪುರದ ಅದೇ ತಾಯಿ ಕಿರಿ ಮಗಳನ್ನು ಕರೆದುಕೊಂಡು ಬಂದರು. ಯಾಕೆ ನನ್ನ ಹತ್ತಿರವೇ ಅಂತ ಕೇಳುವ ಧೈರ್ಯ ಆಗಲಿಲ್ಲ. ನಾನು ಬ್ರಷ್, ರೇಷ್ಮೆ ಪಟ್ಟಿ ತೆಗೆದಿಟ್ಟೆ. ಅವರು ಬಗ್ಗಿ ನನ್ನ ಡಬ್ಬಿಯೊಳಗೆ ಒಮ್ಮೆ ಇಣುಕಿದರು. ಆಮೇಲೆ ಮಗಳ ಪಕ್ಕ ಕುರ್ಚಿ ಎಳೆದುಕೊಂಡು, "ಹೂಂ, ಶುರು ಮಾಡ್ರಿ" ಅಂದರು.