ಹಳೇ ಸ್ಕೂಟರ್ ಇರಲಿ, ಮೊದಲು ಸೈಕಲ್ ತನ್ನಿ

"ಮನೇಲಿ ಹಳೇ ಸ್ಕೂಟರ್ ಸುಮ್ನೆ ನಿಂತಿದೆ, ಅದನ್ನೇ ಎಲೆಕ್ಟ್ರಿಕ್ ಮಾಡ್ಕೋಬಹುದಾ ಸರ್?" ದಾವಣಗೆರೆಯಲ್ಲಿ ನನ್ನ ಮೋಟಾರ್ ಸೈಕಲ್ಲನ್ನು, ಅಂದರೆ ಮೋಟಾರ್ ಕೂರಿಸಿದ ತುಳಿಯುವ ಸೈಕಲ್ಲನ್ನು, ನೋಡಿದವರೆಲ್ಲ ಕೇಳುವುದು ಇದನ್ನೇ. ಮಾಡಬಹುದು. ಆದರೆ ಮೊದಲ ಕೆಲಸವೇ ಅದಾಗುವುದು ಬೇಡ.

ಆರ್‌ಸಿಯಲ್ಲಿ ಪೆಟ್ರೋಲ್ ಎಂದಿರುವ ಗಾಡಿಗೆ ಅನುಮೋದನೆ ಪಡೆದ ಕಿಟ್ಟೇ ಆಗಬೇಕು, ಆರ್‌ಟಿಒದಲ್ಲಿ ಆರ್‌ಸಿ ತಿದ್ದಿಸಬೇಕು. ಕಲಿಯುವವನಿಗೆ ಇಷ್ಟೆಲ್ಲ ಯಾಕೆ? ಸೈಕಲ್ ಹಿಡಿಯಿರಿ. ಅಲ್ಲೂ 250 ವ್ಯಾಟ್, ಗಂಟೆಗೆ 25 ಕಿ.ಮೀ. ಎಂಬ ಗೆರೆ ಇದೆ. ದಾಟಿದರೆ ಅದೂ ಮೋಟಾರು ವಾಹನವೇ. ಸಾವಿರ ವ್ಯಾಟ್ ಹಾಕಿಸಿ ಅನ್ನುವ ಗೆಳೆಯರು ಸಿಗುತ್ತಾರೆ, ಕಿವಿಗೆ ಹಾಕಿಕೊಳ್ಳಬೇಡಿ.

ಆಮೇಲೆ ಬರುವುದು ಮೈಲೇಜ್ ಮಾತು. ಲೆಕ್ಕ ಸುಲಭ. 36 ವೋಲ್ಟ್, 10 ಆಂಪಿಯರ್-ಅವರ್ ಬ್ಯಾಟರಿ ಅಂದರೆ 360 ವ್ಯಾಟ್-ಅವರ್. ಪೆಡಲ್ ಮುಟ್ಟದೆ ಹೋದರೆ ಕಿಲೋಮೀಟರಿಗೆ ಸುಮಾರು 15 ವ್ಯಾಟ್-ಅವರ್ ತಿನ್ನುತ್ತದೆ. 24 ಕಿ.ಮೀ. ಆಯಿತು. ಹರಿಹರಕ್ಕೆ ಹೋಗಿ ಅದೇ ಚಾರ್ಜಲ್ಲಿ ವಾಪಸ್ ಬರಬೇಕು ಅಂದರೆ ಕಾಲೂ ಸ್ವಲ್ಪ ದುಡಿಯಬೇಕು. ಚಿತ್ರದುರ್ಗದವರು ಕೋಟೆ ಕಡೆಯ ಏರು ಹತ್ತಿಸಿದರೆ ಇನ್ನೂ ಬೇಗ ಖಾಲಿ.

ಎಲ್ಲರ ಕಣ್ಣೂ ಮೋಟಾರ್ ಮೇಲೆ. ನಾನು ಮೊದಲು ನೋಡುವುದು ಆಕ್ಸಲ್. ಹಬ್ ಮೋಟಾರ್, ಅಂದರೆ ಚಕ್ರದ ನಡುವೆಯೇ ಕೂರುವ ಮೋಟಾರ್, ಚಕ್ರವನ್ನು ಮುಂದಕ್ಕೆ ತಿರುಗಿಸುವಾಗ ಆಕ್ಸಲ್ ಅಷ್ಟೇ ಬಲದಿಂದ ಹಿಂದಕ್ಕೆ ತಿರುಗಲು ನೋಡುತ್ತದೆ. ಅದನ್ನು ತಡೆಯುವುದು ಫ್ರೇಮಿನ ಸೀಳಿನೊಳಗೆ ಕೂತ ಆಕ್ಸಲ್ಲಿನ ಎರಡು ಚಪ್ಪಟೆ ಬದಿ ಮಾತ್ರ. ನಟ್ ಸಡಿಲವಾದರೆ ಸೀಳು ಅಗಲವಾಗುತ್ತದೆ, ಆಕ್ಸಲ್ ಗಿರಕಿ ಹೊಡೆದು ಒಳಗಿಂದ ಬರುವ ವೈರನ್ನೇ ತಿರುಚಿ ಹರಿಯುತ್ತದೆ. ಅಲ್ಯೂಮಿನಿಯಂ ಫ್ರೇಮ್ ಆದರೆ ಸೀಳು ಬಿರುಕು ಬಿಡಬಹುದು. ಹಾಗಾಗಿ ಕಬ್ಬಿಣದ ಫ್ರೇಮ್, ಹಿಂದಿನ ಚಕ್ರಕ್ಕೆ ಮೋಟಾರ್, ಜೊತೆಗೆ ಆಕ್ಸಲ್ ತಿರುಗದಂತೆ ಫ್ರೇಮಿಗೆ ಹಿಡಿದಿಡುವ, ಟಾರ್ಕ್ ಆರ್ಮ್ ಅನ್ನುವ ಪಟ್ಟಿ. ಕಿಟ್ಟಲ್ಲಿ ಬರದಿದ್ದರೆ ಗಟ್ಟಿ ಉಕ್ಕಿನ ಪಟ್ಟಿಯಲ್ಲಿ ಆಕ್ಸಲ್ಲಿನ ಚಪ್ಪಟೆ ಬದಿಗೆ ಬಿಗಿಯಾಗಿ ಕೂರುವ ಆಕಾರದ ತೂತು ಮಾಡಿಸಿ, ದುಂಡು ತೂತಾದರೆ ಆಕ್ಸಲ್ ನಿಲ್ಲುವುದಿಲ್ಲ. ಬ್ರೇಕ್ ಹಳೇ ರಾಡ್ ಬ್ರೇಕ್ ಆಗಿದ್ದರೆ ಆ ಸೈಕಲ್ ಬಿಟ್ಟುಬಿಡಿ. ಲಿವರ್ ಹಿಡಿದ ಕೂಡಲೇ ಮೋಟಾರ್ ಬಂದ್ ಆಗುವ ಬ್ರೇಕ್ ಲಿವರ್ ಹಾಕಿಸಿ.

ದುಡ್ಡು ಜಾಸ್ತಿ ಹೋಗುವುದು ಬ್ಯಾಟರಿಗೆ, ಹೋಗಲಿ ಬಿಡಿ. ವಿಡಿಯೋ ನೋಡಿ ಲಿಥಿಯಂ ಸೆಲ್ ಬೆಸುಗೆ ಹಾಕುವುದು ಮಾತ್ರ ಬೇಡ. ಬಿಎಂಎಸ್, ಅಂದರೆ ಸೆಲ್‌ಗಳನ್ನು ಕಾಯುವ ಸರ್ಕ್ಯೂಟ್, ಇರುವ ರೆಡಿ ಪ್ಯಾಕ್ ತನ್ನಿ, ಪ್ಲಸ್ ವೈರಿಗೆ ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಕೊಡಿ. ಬ್ಯಾಟರಿಯನ್ನು ಕಂಟ್ರೋಲರ್‌ಗೆ, ಅಂದರೆ ಮೋಟಾರಿಗೆ ಹೋಗುವ ಕರೆಂಟನ್ನು ಹತೋಟಿಯಲ್ಲಿಡುವ ಪೆಟ್ಟಿಗೆಗೆ, ಸಿಕ್ಕಿಸುವಾಗ ಟಪ್ ಅಂತ ಕಿಡಿ ಹಾರುತ್ತದೆ. ಹೆದರಬೇಡಿ, ಒಳಗಿನ ಕೆಪಾಸಿಟರ್ ಒಮ್ಮೆಗೇ ತುಂಬಿಕೊಳ್ಳುವುದರಿಂದ ಹಾಗೆ. ಆದರೆ ದಿನಾ ಹಾರಿದರೆ ಕನೆಕ್ಟರ್ ಕರಕಲಾಗುತ್ತದೆ, ಕಿಡಿ ತಡೆಯುವ ಕನೆಕ್ಟರೇ ಸಿಗುತ್ತದೆ.

ಚಾರ್ಜರ್ ಆ ಪ್ಯಾಕಿಗೆ ಹೊಂದುವುದೇ ಇರಲಿ. ಹತ್ತು ಸೆಲ್ ಸಾಲಿನ 36 ವೋಲ್ಟ್ ಲಿಥಿಯಂ-ಅಯಾನ್‌ಗೆ 42 ವೋಲ್ಟಿನದು. 2 ಆಂಪಿಯರ್ ಆದರೆ ಐದು ಗಂಟೆ ಮೇಲಾಗುತ್ತದೆ. ನಮ್ಮ ಏಪ್ರಿಲ್ ಬಿಸಿಲಲ್ಲಿ ಓಡಿಸಿ ಬಂದ ತಕ್ಷಣ ಚಾರ್ಜಿಗೆ ಹಾಕಬೇಡಿ. ನೆರಳಲ್ಲಿಟ್ಟು, ಮುಟ್ಟಿ ನೋಡಿ, ತಣ್ಣಗಾದ ಮೇಲೆ ಹಾಕಿ. ಮಲಗುವ ಕೋಣೆಯಲ್ಲಂತೂ ಬೇಡ.